ರಾತ್ರಿ ರೂಮಿಗೆ ಹೇಗೆ ವಾಪಸ್ ಬರುತ್ತೀರಿ? ಪ್ಲ್ಯಾನ್ ಅಲ್ಲಿಂದ ಶುರು ಮಾಡಿ

ಎರಡು ಮೂರು ದಿನದ ಸಿಟಿ ಟ್ರಿಪ್ ಅಂದರೆ ಎಲ್ಲರೂ ಮೊದಲು ಹುಡುಕುವುದು ವಿಮಾನದ ಟಿಕೆಟ್. ಆಮೇಲೆ ರೂಮು. ಆಮೇಲೆ ನೋಡಲೇಬೇಕಾದ ಜಾಗಗಳ ಪಟ್ಟಿ. ರಾತ್ರಿ ಏನು ಮಾಡೋಣ ಅಂತ ಕೇಳಿದರೆ, ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಬಿಡು ಅನ್ನುತ್ತಾರೆ. ರಾತ್ರಿ ಸುತ್ತುವ ಆಸೆ ಇಲ್ಲದವರಿಗೆ ಈ ಕ್ರಮ ಸರಿ. ಆದರೆ ಊರಿನ ರಾತ್ರಿ ನೋಡುವುದಕ್ಕೇ ಹೊರಟಿದ್ದೀರಿ, ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೆ ಅನ್ನುವುದಾದರೆ, ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ಬೆಳಗಿನ ಜಾವ ಎರಡು ಗಂಟೆಗೆ ನಾನು ಹಾಸಿಗೆಗೆ ಹೇಗೆ ವಾಪಸ್ ಬರುತ್ತೇನೆ?

ಯಾಕೆ ಅಂದರೆ, ಜೇಬು ಖಾಲಿ ಮಾಡುವುದು ಹೆಚ್ಚಾಗಿ ಬಾರ್ ಅಲ್ಲ, ಕ್ಯಾಬು. ಹನ್ನೆರಡು ದಾಟಿದ ಮೇಲೆ ಎಲ್ಲ ಬಾರ್‌ಗಳೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಬಾಗಿಲು ಹಾಕುತ್ತವೆ, ಎಲ್ಲರೂ ಒಟ್ಟಿಗೆ ಬೀದಿಗೆ ಬಂದು ಫೋನ್ ತೆಗೆಯುತ್ತಾರೆ, ಆಪ್‌ನಲ್ಲಿ ರೇಟು ಏರುತ್ತಾ ಹೋಗುತ್ತದೆ. ಊರಾಚೆಯ ಅಗ್ಗದ ರೂಮಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ಹಾಗಾಗಿ ರೂಮುಗಳನ್ನು ಹೋಲಿಸುವಾಗ ಬರೀ ರೂಮಿನ ರೇಟು ನೋಡಬೇಡಿ. ದೂರದ ರೂಮಿನ ರೇಟಿಗೆ ಉಳಿಯುವಷ್ಟು ರಾತ್ರಿಯ ಕ್ಯಾಬ್ ಖರ್ಚು ಸೇರಿಸಿ, ಆಮೇಲೆ ನಡುಪೇಟೆಯ ರೂಮಿನ ಪಕ್ಕ ಇಡಿ. ಇಬ್ಬರೋ ಮೂವರೋ ಹೋಗುವುದಾದರೆ ಕ್ಯಾಬ್ ಖರ್ಚು ಹಂಚಿಹೋಗುತ್ತದೆ, ಲೆಕ್ಕ ಬದಲಾಗಬಹುದು. ಒಬ್ಬರೇ ಹೋಗುವವರಿಗಂತೂ ನಡೆದು ಬರುವಷ್ಟು ಹತ್ತಿರದ ರೂಮೇ ಬಹಳ ಸಲ ಅಗ್ಗ ಬೀಳುತ್ತದೆ.

ಊರಿನ ಆಯ್ಕೆಯೂ ಇಲ್ಲಿಂದಲೇ ಶುರುವಾಗಬೇಕು ಅನ್ನುವುದು ನನ್ನ ವಾದ. ರಾತ್ರಿಯಿಡೀ ಬಸ್ಸೋ ರೈಲೋ ಓಡುವ ಊರಿನಲ್ಲಿ ಬಿಯರ್ ಸ್ವಲ್ಪ ದುಬಾರಿ ಆದರೂ ಒಟ್ಟು ಖರ್ಚು ಹಿಡಿತದಲ್ಲಿರುತ್ತದೆ. ನ್ಯೂಯಾರ್ಕಿನ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೋ, ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ. ಕೋಪನ್‌ಹೇಗನ್ನಿನ ಮೆಟ್ರೋ ಕೂಡ ಅಷ್ಟೇ. ಬರ್ಲಿನ್ ಮತ್ತು ವಿಯೆನ್ನಾದಲ್ಲಿ ಶುಕ್ರವಾರ, ಶನಿವಾರದ ರಾತ್ರಿ ಮೆಟ್ರೋ ನಿಲ್ಲುವುದಿಲ್ಲ. ವಿಯೆನ್ನಾದಲ್ಲಿ ಈ ಸೌಲಭ್ಯ 2010ರಲ್ಲಿ ಬಂತು. ಲಂಡನ್ನಿನ ನೈಟ್ ಟ್ಯೂಬ್, ಅಂದರೆ ರಾತ್ರಿಯ ಮೆಟ್ರೋ, ಶುರುವಾದದ್ದು 2016ರಲ್ಲಿ, ಅದೂ ಶುಕ್ರವಾರ, ಶನಿವಾರ ಮಾತ್ರ, ಎಲ್ಲ ಲೈನ್‌ಗಳಲ್ಲೂ ಇಲ್ಲ. ಸೆಂಟ್ರಲ್, ಜೂಬಿಲಿ, ನಾರ್ದರ್ನ್, ಪಿಕಡಿಲಿ, ವಿಕ್ಟೋರಿಯಾ, ಈ ಐದರಲ್ಲಿ ಮಾತ್ರ. ಆದ್ದರಿಂದ ಲಂಡನ್ನಿನಲ್ಲಿ ರೂಮು ಹಿಡಿಯುವಾಗ ಈ ಐದರಲ್ಲಿ ಯಾವುದಾದರೂ ಒಂದರ ರಾತ್ರಿ ರೈಲು ನಿಲ್ಲುವ ಸ್ಟೇಷನ್ನಿನ ಪಕ್ಕ ಹಿಡಿದರೆ ವಾರಾಂತ್ಯದ ರಾತ್ರಿಗಳು ಸಲೀಸು. ನೈಟ್ ಬಸ್ಸುಗಳಂತೂ ಅಲ್ಲಿ ವಾರವಿಡೀ ಇರುತ್ತವೆ, ನಿಧಾನ ಅನ್ನುವುದೊಂದು ಬಿಟ್ಟರೆ. ಬಾರ್ಸಿಲೋನಾದ ಮೆಟ್ರೋ ಶನಿವಾರ ರಾತ್ರಿ ಪೂರ್ತಿ ಓಡುತ್ತದೆ, ಶುಕ್ರವಾರ ರಾತ್ರಿ ಎರಡು ಗಂಟೆಗೆ ನಿಲ್ಲುತ್ತದೆ. ಒಂದೇ ಊರು, ಎರಡು ರಾತ್ರಿಗೆ ಎರಡು ಲೆಕ್ಕ.

ಟೋಕಿಯೋ ಇದಕ್ಕೆ ಪೂರ್ತಿ ಉಲ್ಟಾ. ಅಷ್ಟು ದೊಡ್ಡ ಊರು, ಅಷ್ಟೊಂದು ರೈಲು, ಆದರೂ ಮಧ್ಯರಾತ್ರಿಯ ಹೊತ್ತಿಗೆ ಒಂದೊಂದಾಗಿ ನಿಂತು ಬೆಳಗಿನ ಐದರ ಸುಮಾರಿಗೆ ಮತ್ತೆ ಶುರುವಾಗುತ್ತವೆ. ಟ್ಯಾಕ್ಸಿ ಕೇಳಲೇಬೇಡಿ, ಅಷ್ಟು ದುಬಾರಿ. ಅಲ್ಲಿನವರು ಕಡೇ ರೈಲು ಹಿಡಿದು ಮನೆಗೆ ಓಡುತ್ತಾರೆ, ಇಲ್ಲವೇ ಮೊದಲ ರೈಲಿನ ತನಕ ಕರಾವೋಕೆ ರೂಮಿನಲ್ಲೋ, ಕಾಮಿಕ್ಸ್ ಓದುತ್ತಾ ಕೂರುವ ಮಂಗಾ ಕೆಫೆಯಲ್ಲೋ ಕಾಲ ತಳ್ಳುತ್ತಾರೆ. ಪ್ರವಾಸಿಗೂ ಇದೇ ಎರಡು ದಾರಿ. ನಡುವೆ ಒಂದೂವರೆಗೆ ಎದ್ದು ಹೊರಡುತ್ತೇನೆ ಅನ್ನುವವರೇ ಅಲ್ಲಿ ಟ್ಯಾಕ್ಸಿಗೆ ಸಿಕ್ಕಿಬೀಳುವುದು. ಸಿಯೋಲ್‌ನಲ್ಲೂ ಸಬ್‌ವೇ ಮಧ್ಯರಾತ್ರಿಗೆ ನಿಲ್ಲುತ್ತದೆ. ಆದರೆ 2013ರಲ್ಲಿ ಶುರುವಾದ ಗೂಬೆ ಬಸ್ಸುಗಳಿವೆ, ನಿಜವಾಗಲೂ ಅವಕ್ಕೆ ಗೂಬೆ ಅಂತಲೇ ಹೆಸರು. ನಂಬರಿನ ಮುಂದೆ ಎನ್ ಅಂತ ಇರುತ್ತದೆ. ರೂಮು ಹಿಡಿಯುವ ಮುಂಚೆ ಆ ಮಾರ್ಗಗಳ ನಕ್ಷೆ ಒಮ್ಮೆ ನೋಡಿಬಿಡಿ, ಕೆಲಸ ಆಯಿತು.

ಟಿಕೆಟ್ ವಿಷಯದಲ್ಲೂ ಒಂದು ಸಣ್ಣ ಚಾಲಾಕಿತನ ಇದೆ. ಒಂದು ದಿನದ ಪಾಸ್ ಅಂದರೆ ಕೆಲವು ಊರುಗಳಲ್ಲಿ ಆ ತಾರೀಖು ಮುಗಿಯುವ ತನಕ, ಕೆಲವು ಕಡೆ ಮೊದಲ ಸಲ ಬಳಸಿದ ಹೊತ್ತಿನಿಂದ ಪೂರ್ತಿ ಇಪ್ಪತ್ತನಾಲ್ಕು ಗಂಟೆ. ಎರಡನೆಯ ಥರದ್ದಾದರೆ ಬೆಳಗ್ಗೆ ತೆಗೆದುಕೊಳ್ಳಬೇಡಿ. ಸಂಜೆ ಆರಕ್ಕೆ ತೆಗೆದುಕೊಂಡರೆ ಇವತ್ತಿನ ರಾತ್ರಿಗೂ ಆಯಿತು, ನಾಳೆಯ ಹಗಲಿಗೂ ಆಯಿತು. ಲಂಡನ್ನಿನಲ್ಲಿ ಪಾಸ್ ಬೇಕಾಗಿಯೇ ಇಲ್ಲ. ಕಾರ್ಡ್ ಮುಟ್ಟಿಸಿಕೊಂಡು ಓಡಾಡಿದರೆ ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ ಅನ್ನುವ ಮಿತಿ ಇದೆ. ಆ ದಿನ ಅಲ್ಲಿ ಮುಗಿಯುವುದು ಮಧ್ಯರಾತ್ರಿಗಲ್ಲ, ಬೆಳಗಿನ ಜಾವ 4:30ಕ್ಕೆ. ಯಾರೋ ರಾತ್ರಿ ಸುತ್ತುವವರೇ ಕೂತು ಮಾಡಿದ ನಿಯಮದ ಹಾಗಿದೆ ಅಲ್ವಾ?

ಇನ್ನು ರೂಮು. ಹತ್ತಿರ ಇರಬೇಕು ಅಂದೆ, ಆದರೆ ಬಾರ್ ಬೀದಿಯಲ್ಲೇ ಬೇಡ. ಹತ್ತು ಹದಿನೈದು ನಿಮಿಷ ನಡೆದರೆ ಸಿಗುವಷ್ಟು ದೂರ ಇದ್ದರೆ ಸಾಕು. ಬಾರ್‌ನ ಮೇಲೇ ರೂಮು ಹಿಡಿದರೆ ನೀವು ಸುಸ್ತಾಗಿ ಬೇಗ ಬಂದ ದಿನವೂ ನಿದ್ದೆ ಬರುವುದಿಲ್ಲ. ರಿವ್ಯೂಗಳಲ್ಲಿ ಗಲಾಟೆ ಅಂತ ಬರೆದವರದ್ದನ್ನು ಮಾತ್ರ ಹುಡುಕಿ ಓದಿ, ಅದರಲ್ಲೂ ಶನಿವಾರ ಉಳಿದವರದ್ದು. ನಕ್ಷೆಯಲ್ಲಿ ದಾರಿ ನೋಡುವಾಗ ಬರೀ ದೂರ ನೋಡಬೇಡಿ, ಬೀದಿಯ ಫೋಟೋ ತೆರೆದು ಅಂಗಡಿ ಮನೆಗಳಿರುವ ದಾರಿಯೋ, ಫ್ಲೈಓವರ್ ಕೆಳಗಿನ ಖಾಲಿ ದಾರಿಯೋ ಅಂತ ನೋಡಿ. ಹುಡುಗಿಯರು ಒಬ್ಬರೇ ಹೋಗುವಾಗ ಇದು ರೇಟಿಗಿಂತ ಮುಖ್ಯ. ರಾತ್ರಿ ಬಾಗಿಲು ತೆರೆಯಲು ಜನ ಇರುತ್ತಾರಾ, ಕೋಡ್ ಇದೆಯಾ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ. ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ ಒಂದು ಹೊತ್ತಿನ ಮೇಲೆ ಬಾಗಿಲು ಹಾಕುವ ಪದ್ಧತಿ ಇನ್ನೂ ಇದೆ.

ಪ್ರವಾಸಿಗಳ ಹಾಸ್ಟೆಲ್ ಅಂದರೆ ಅಗ್ಗ ಅನ್ನುವುದೂ ಸುಮ್ನೆ ನಂಬುವ ಮಾತಲ್ಲ. ಒಬ್ಬರಿಗೆ ಡಾರ್ಮ್‌ನ, ಅಂದರೆ ಹಲವರು ಒಟ್ಟಿಗೆ ಮಲಗುವ ರೂಮಿನ, ಹಾಸಿಗೆ ಅಗ್ಗವೇ. ಇಬ್ಬರು ಹೋದರೆ ಎರಡು ಹಾಸಿಗೆಯ ರೇಟು ಸಾಧಾರಣ ಹೋಟೆಲಿನ ಒಂದು ರೂಮಿನ ಹತ್ತಿರ ಬಂದುಬಿಡುತ್ತದೆ, ವಾರಾಂತ್ಯದಲ್ಲಿ ದಾಟುವುದೂ ಉಂಟು. ಆದರೆ ಹಾಸ್ಟೆಲಿಗೆ ಇನ್ನೊಂದು ಲಾಭ ಇದೆ. ಅಲ್ಲಿನ ಬಾರ್ ಮತ್ತು ಅಡುಗೆಮನೆ. ಒಬ್ಬರೇ ಹೋದವರಿಗೆ ರಾತ್ರಿಯ ಜೊತೆ ಅಲ್ಲೇ ಸಿಗುತ್ತದೆ, ಮೊದಲ ಗ್ಲಾಸೂ ಅಲ್ಲೇ ಅಗ್ಗ. ಪಾರ್ಟಿ ಹಾಸ್ಟೆಲ್ ಅಂತ ಹೆಸರಾದ ಜಾಗಗಳಲ್ಲಿ ಮಾತ್ರ ನಾನು ಮಲಗಲು ಹೋಗುವುದಿಲ್ಲ. ಸಂಜೆ ಅಲ್ಲಿನ ಬಾರಿಗೆ ಹೋಗಿ ಬರುತ್ತೇನೆ. ಮಲಗಲು ಬೇರೆ ಕಡೆ.

ಬುಕಿಂಗ್ ಮಾಡುವಾಗ ಕಾಣಿಸುವ ರೇಟು ಪೂರ್ತಿ ರೇಟಲ್ಲ ಅನ್ನುವುದು ನೆನಪಿರಲಿ. ಯುರೋಪಿನ ಬಹಳ ಊರುಗಳಲ್ಲಿ ಪ್ರವಾಸಿ ತೆರಿಗೆ ಇದೆ, ಕೆಲವೊಮ್ಮೆ ಅದನ್ನು ಕೌಂಟರಿನಲ್ಲಿ ಬೇರೆಯಾಗಿ ಕೇಳುತ್ತಾರೆ. ಆಮ್‌ಸ್ಟರ್‌ಡ್ಯಾಮ್ 2024ರಲ್ಲಿ ಅದನ್ನು ರೂಮಿನ ದರದ ಶೇ 12.5ಕ್ಕೆ ಏರಿಸಿತು. ಎರಡು ರಾತ್ರಿಗೆ ಅಷ್ಟು ಅಂದರೆ ಒಂದು ಸಂಜೆಯ ಖರ್ಚೇ ಹೋಯಿತು.

ಯಾವ ದಿನ ಹೋಗಬೇಕು ಅನ್ನುವುದರಲ್ಲಿ ಜನ ಎಲ್ಲಕ್ಕಿಂತ ಸೋಮಾರಿಗಳು. ಶುಕ್ರವಾರ ಹೋಗಿ ಭಾನುವಾರ ಬರುವುದು, ಎಲ್ಲರೂ ಅದನ್ನೇ ಮಾಡುತ್ತಾರೆ, ಅದಕ್ಕೇ ಅದು ದುಬಾರಿ. ರಜೆ ಸಿಗುವುದಾದರೆ ವಾರದ ನಡುವೆ ಹೋಗಿ. ಆದರೆ ವಾರದ ನಡುವೆ ರಾತ್ರಿ ಸತ್ತುಹೋಗಿರುತ್ತದಲ್ಲ ಅಂತ ಕೇಳಬಹುದು. ಅದಕ್ಕೇ ಕಾಲೇಜು ಜಾಸ್ತಿ ಇರುವ ಊರು ಆರಿಸಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಬುಧವಾರ ಮಧ್ಯಾಹ್ನ ಆಟಕ್ಕೆ ಬಿಡುವು ಕೊಡುವ ರೂಢಿ ಇದೆ, ಹಾಗಾಗಿ ಬುಧವಾರ ರಾತ್ರಿ ವಿದ್ಯಾರ್ಥಿಗಳದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ವಾರಾಂತ್ಯಕ್ಕೆ ಹುಡುಗರು ಊರಿಗೆ ಹೋಗುವುದರಿಂದ ಗುರುವಾರವೇ ಅವರ ದೊಡ್ಡ ರಾತ್ರಿ. ವಿದ್ಯಾರ್ಥಿಗಳ ಜೇಬಿಗೆ ತಕ್ಕ ರೇಟು ಇಡದಿದ್ದರೆ ಅಂಥ ಬಾರ್‌ಗಳು ನಡೆಯುವುದೇ ಇಲ್ಲ. ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದ ಮೇಲೆ ಮಾತ್ರ ಅದೇ ಊರುಗಳು ಬಣಬಣ ಅನ್ನುತ್ತಿರುತ್ತವೆ.

ವಾರಾಂತ್ಯ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುವವರು ಆಫೀಸು, ಬ್ಯಾಂಕುಗಳ ಊರು ನೋಡಿ. ಫ್ರಾಂಕ್‌ಫರ್ಟ್, ಬ್ರಸೆಲ್ಸ್ ಥರದ ಕಡೆ ಹೋಟೆಲುಗಳು ತುಂಬುವುದೇ ಸೋಮವಾರದಿಂದ ಗುರುವಾರ. ಕೋಟು ಹಾಕಿದವರು ಮನೆಗೆ ಹೋದ ಮೇಲೆ ಅದೇ ರೂಮಿನ ರೇಟು ಇಳಿಯುತ್ತದೆ. ಆದರೆ ದೊಡ್ಡ ಮೇಳ ಇರುವ ವಾರ ತಪ್ಪಿಸಿಕೊಳ್ಳಿ. ಅಕ್ಟೋಬರಿನಲ್ಲಿ ಪುಸ್ತಕ ಮೇಳದ ಹೊತ್ತಿಗೆ ಫ್ರಾಂಕ್‌ಫರ್ಟಿಗೋ, ಸೆಪ್ಟೆಂಬರ್ ಕೊನೆಗೆ ಬಿಯರ್ ಹಬ್ಬದ ಹೊತ್ತಿಗೆ ಮ್ಯೂನಿಕ್‌ಗೋ ಬಜೆಟ್ ಅಂತ ಹೇಳಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ವಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಎರಡೇ ಮಾತು. ಅಗ್ಗದ ಟಿಕೆಟ್ಟಿನಲ್ಲಿ ಊರಿನ ಹೆಸರು ಇದ್ದ ಮಾತ್ರಕ್ಕೆ ವಿಮಾನ ಆ ಊರಿನಲ್ಲೇ ಇಳಿಯುತ್ತದೆ ಅಂತ ಅಲ್ಲ. ಫ್ರಾಂಕ್‌ಫರ್ಟ್ ಹಾನ್ ಅನ್ನುವ ನಿಲ್ದಾಣ ಫ್ರಾಂಕ್‌ಫರ್ಟಿನಿಂದ ಸುಮಾರು 120 ಕಿಲೋಮೀಟರ್ ದೂರ, ಪ್ಯಾರಿಸ್ ಬೋವೆ ಸುಮಾರು 85. ಎರಡನೆಯದು, ಬೆಳಗ್ಗೆ ಆರರ ವಿಮಾನ. ಅದು ಅಗ್ಗ ಇರುವುದು ಯಾರಿಗೂ ಬೇಡವಾದ್ದರಿಂದ. ಕಡೇ ರಾತ್ರಿ ಬೇಗ ಮಲಗಬೇಕು, ಇಲ್ಲವೇ ಮಲಗದೆ ಬಾರಿನಿಂದ ನೇರ ನಿಲ್ದಾಣಕ್ಕೆ ಹೋಗಬೇಕು, ಆ ಹೊತ್ತಿಗೆ ರೈಲು ಇಲ್ಲದಿದ್ದರೆ ಮತ್ತೆ ಟ್ಯಾಕ್ಸಿ. ರಾತ್ರಿಗೋಸ್ಕರ ಹೋದ ಟ್ರಿಪ್ಪಿನಲ್ಲಿ ಒಂದು ರಾತ್ರಿಯನ್ನೇ ಮಾರಿಕೊಂಡ ಹಾಗೆ. ಮಧ್ಯಾಹ್ನದ ವಿಮಾನಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ರೂಮು ಉಳಿಸಲು ರಾತ್ರಿ ಬಸ್ಸಿನಲ್ಲಿ ಬರುವ ಐಡಿಯಾವೂ ಇದೇ ಜಾತಿಯದ್ದು. ಬಸ್ಸಿನಲ್ಲಿ ಅರ್ಧಂಬರ್ಧ ನಿದ್ದೆ ಮಾಡಿ ಬಂದವರು ಆ ದಿನ ರಾತ್ರಿ ಹತ್ತಕ್ಕೇ ತೂಕಡಿಸುತ್ತಾರೆ.

ಈಗ ನಿಜವಾದ ವಿಷಯಕ್ಕೆ ಬರೋಣ. ಸಂಜೆ.

ಒಂದೊಂದು ಊರಿಗೂ ರಾತ್ರಿಯ ಗಡಿಯಾರ ಬೇರೆ. ಸ್ಪೇನಿನಲ್ಲಿ ಒಂಬತ್ತಕ್ಕೆ ಊಟಕ್ಕೆ ಕೂತರೆ ಅದೇ ಬೇಗ, ಕ್ಲಬ್‌ಗಳು ತುಂಬುವುದು ಎರಡರ ಮೇಲೆ. ಬರ್ಲಿನ್ನಿನಲ್ಲೂ ಕ್ಲಬ್ಬಿಗೆ ಹನ್ನೊಂದಕ್ಕೆ ಹೋದರೆ ಬಾಗಿಲಲ್ಲಿ ನೀವೊಬ್ಬರೇ. ಲಂಡನ್ನಿನ ಸಾಮಾನ್ಯ ಪಬ್ ಮಾತ್ರ ಹನ್ನೊಂದರ ಸುಮಾರಿಗೆ ಕಡೇ ಆರ್ಡರ್ ಕೇಳಿ ಗಂಟೆ ಬಾರಿಸಿಬಿಡುತ್ತದೆ. ತಡವಾಗಿ ಶುರುವಾಗುವ ಊರಿನಲ್ಲಿ ಏಳಕ್ಕೇ ಕುಡಿಯಲು ಕೂತರೆ ಆರೇಳು ಗಂಟೆ ಸುಮ್ನೆ ಖರ್ಚು ಮಾಡುತ್ತಾ ಕೂತಿರಬೇಕು. ಅಂಥ ಕಡೆ ಸಂಜೆ ಒಂದು ನಿದ್ದೆ ಹೊಡೆಯುವುದೇ ಉಳಿತಾಯ. ಬೇಗ ಮುಗಿಯುವ ಊರಿನಲ್ಲಿ ಆಫೀಸ್ ಬಿಟ್ಟ ಹೊತ್ತಿಗೇ ಹೊರಡಿ.

ಹ್ಯಾಪಿ ಅವರ್, ಅಂದರೆ ದಿನದ ಒಂದು ಹೊತ್ತಿಗೆ ಮಾತ್ರ ಡ್ರಿಂಕ್ ಅಗ್ಗ ಮಾಡುವುದು, ಅದರ ಮೇಲೆ ಲೆಕ್ಕ ಹಾಕಿಕೊಂಡು ಹೋಗುವವರು ಮೊದಲು ಅಲ್ಲಿ ಅದು ಇದೆಯಾ ಅಂತ ನೋಡಿ. ಐರ್ಲೆಂಡಿನಲ್ಲಿ 2003ರ ಕಾನೂನಿನಿಂದ ಅದು ನಿಷೇಧ. ಅಮೆರಿಕದ ಮ್ಯಾಸಚೂಸೆಟ್ಸ್ 1984ರಲ್ಲೇ ನಿಲ್ಲಿಸಿತು, ಹಾಗಾಗಿ ಬಾಸ್ಟನ್ನಿನಲ್ಲಿ ಸಂಜೆ ಐದಕ್ಕೂ ರಾತ್ರಿ ಹತ್ತಕ್ಕೂ ಬಿಯರಿಗೆ ಒಂದೇ ರೇಟು. ಬದಲಿಗೆ ಬೇರೆ ದಾರಿ ಇರುವ ಊರುಗಳಿವೆ. ಸ್ಪೇನಿನ ಗ್ರನಾಡಾದಲ್ಲಿ ಒಂದು ಡ್ರಿಂಕ್ ತೆಗೆದುಕೊಂಡರೆ ಜೊತೆಗೆ ಒಂದು ತಟ್ಟೆ ತಿಂಡಿ ಕೇಳದೆಯೇ ಬರುತ್ತದೆ, ಬಿಲ್ಲಿಗೆ ಸೇರಿಸುವುದಿಲ್ಲ. ಮೂರು ಬಾರ್ ಸುತ್ತಿದರೆ ರಾತ್ರಿಯ ಊಟ ಮುಗಿದ ಹಾಗೇ. ಮಿಲಾನಿನಲ್ಲಿ ಸಂಜೆಯ ಅಪೆರಿಟಿವೋ, ಅಂದರೆ ಊಟಕ್ಕೆ ಮುಂಚಿನ ಡ್ರಿಂಕಿನ ಹೊತ್ತಿಗೆ ಡ್ರಿಂಕಿನ ಜೊತೆ ತಿನ್ನಲು ಇಡುತ್ತಾರೆ, ಎಷ್ಟು ಅನ್ನುವುದು ಬಾರಿನಿಂದ ಬಾರಿಗೆ ಬೇರೆ. ಇಟಲಿಯಲ್ಲಿ ಇನ್ನೊಂದು, ಕೌಂಟರಿನ ಹತ್ತಿರ ನಿಂತು ಕುಡಿದರೆ ಒಂದು ರೇಟು, ಕುರ್ಚಿಯಲ್ಲಿ ಕೂತರೆ ಇನ್ನೊಂದು. ಜಪಾನಿನ ಇಜಾಕಾಯಾ ಅನ್ನುವ ಸಾಧಾರಣ ಬಾರ್‌ಗಳಲ್ಲಿ ಕೂತ ಕೂಡಲೇ ಒಂದು ಪುಟ್ಟ ಬಟ್ಟಲು ತಿಂಡಿ ತಂದಿಡುತ್ತಾರೆ. ಅದು ಉಚಿತ ಅಲ್ಲ, ಓತೋಷಿ ಅನ್ನುವ ಕೂರುವ ಶುಲ್ಕ, ಬಾರ್ ಬದಲಿಸಿದ ಹಾಗೆಲ್ಲ ಮತ್ತೆ ಕೊಡಬೇಕು. ಹಾಗಾಗಿ ಅಲ್ಲಿ ಸುತ್ತುವುದಕ್ಕಿಂತ ಒಂದೇ ಕಡೆ ಕೂತು, ಒಂದೂವರೆ ಎರಡು ಗಂಟೆ ಎಷ್ಟು ಬೇಕಾದರೂ ಕುಡಿಯಬಹುದಾದ ನೋಮಿಹೋದಾಯ್ ತೆಗೆದುಕೊಂಡರೆ ಲಾಭ. ಗ್ರನಾಡಾದಲ್ಲಿ ಸುತ್ತಿದಷ್ಟೂ ಲಾಭ, ಟೋಕಿಯೋದಲ್ಲಿ ಕೂತಷ್ಟೂ ಲಾಭ.

ಬೀದಿಯಲ್ಲಿ ನಿಂತು ಕುಡಿಯುವುದರ ಕಥೆಯೂ ಹೀಗೇ. ಲಿಸ್ಬನ್ನಿನ ಬೈರೋ ಆಲ್ಟೋ ಬಡಾವಣೆಯಲ್ಲಿ ಬಾರ್‌ಗಳು ಎಷ್ಟು ಚಿಕ್ಕವು ಅಂದರೆ ಒಳಗೆ ಕೊಂಡು ಹೊರಗೆ ನಿಲ್ಲುವುದೇ ರೂಢಿ, ಇಡೀ ಬೀದಿಯೇ ಬಾರ್. ಬರ್ಲಿನ್ನಿನಲ್ಲಿ ಷ್ಪೇಟಿ ಅನ್ನುವ ತಡರಾತ್ರಿಯ ಪೆಟ್ಟಿಗೆ ಅಂಗಡಿಗಳು ಬೀದಿ ಬೀದಿಯಲ್ಲಿವೆ, ಒಂದು ಬಾಟಲಿ ಕೊಂಡು ಅಲ್ಲೇ ಬೆಂಚಿನ ಮೇಲೆ ಕೂತವರು ಒಂದು ಇಡೀ ಸಂಜೆ ಅಲ್ಲೇ ಕಳೆಯುತ್ತಾರೆ. ಇದನ್ನೇ ಸಿಂಗಪುರದಲ್ಲಿ ಮಾಡಲು ಹೋಗಬೇಡಿ. 2015ರಿಂದ ಅಲ್ಲಿ ರಾತ್ರಿ 10:30ರಿಂದ ಬೆಳಗ್ಗೆ 7ರ ತನಕ ಸಾರ್ವಜನಿಕ ಜಾಗದಲ್ಲಿ ಕುಡಿಯುವಂತಿಲ್ಲ, ಅಂಗಡಿಯಲ್ಲಿ ಪಾರ್ಸೆಲ್ ಮಾರುವಂತೆಯೂ ಇಲ್ಲ.

ಅಗ್ಗದ ರಾತ್ರಿ ಯಾವ ಬಡಾವಣೆಯಲ್ಲಿ ಸಿಗುತ್ತದೆ ಅನ್ನುವುದಕ್ಕೆ ನನಗೆ ಬುಡಾಪೆಸ್ಟೇ ಒಳ್ಳೆಯ ಉದಾಹರಣೆ. ಅಲ್ಲಿನ ಏಳನೇ ಜಿಲ್ಲೆ, ಹಳೆಯ ಯಹೂದಿ ಬಡಾವಣೆ, ಎರಡನೇ ಮಹಾಯುದ್ಧದ ನಂತರ ಪಾಳುಬಿದ್ದ ಮನೆಗಳು, ಯಾರೂ ರಿಪೇರಿ ಮಾಡಿಸದ ಅಂಗಳಗಳು. ಬಾಡಿಗೆ ಕಡಿಮೆ. 2002ರಲ್ಲಿ ಕೆಲವು ಹುಡುಗರು ಸಿಂಪ್ಲಾ ಕರ್ಟ್ ಅಂತ ಒಂದು ಬಾರ್ ತೆರೆದರು, ಆಮೇಲೆ ಅದು ಕಾಸಿಂಟ್ಸಿ ಬೀದಿಗೆ ಬಂತು. ಹಳೇ ಕುರ್ಚಿ, ಒಂದಕ್ಕೊಂದು ಹೊಂದದ ಮೇಜು, ಸೋಫಾ ಬದಲು ಸ್ನಾನದ ತೊಟ್ಟಿ. ಅಲಂಕಾರಕ್ಕೆ ದುಡ್ಡಿಲ್ಲದ್ದೇ ಅಲಂಕಾರ ಆಯಿತು. ಪಾಳು ಬಾರ್ ಅನ್ನುವ ಒಂದು ಜಾತಿಯೇ ಹುಟ್ಟಿತು. ಈಗ ಅಲ್ಲಿ ಕ್ಯೂ ನಿಲ್ಲಬೇಕು, ಅಕ್ಕಪಕ್ಕದ ಬಾಡಿಗೆ ಏರಿದೆ, ಮೇಲಿನ ಮನೆಗಳವರು ನಿದ್ದೆಯಿಲ್ಲ ಅಂತ ದೂರುತ್ತಾರೆ. ಹೆಸರಾದ ಬಾರಿಗೆ ಒಮ್ಮೆ ಹೋಗಿ ನೋಡಿ, ಬೇಡ ಅನ್ನುವುದಿಲ್ಲ, ಆದರೆ ಒಂದು ಗ್ಲಾಸ್ ಮುಗಿಸಿ ಹೊರಡಿ. ಅಗ್ಗದ ರಾತ್ರಿ ಯಾವಾಗಲೂ ಬಾಡಿಗೆ ಕಡಿಮೆ ಇರುವ ಕಡೆ ಹುಟ್ಟುತ್ತದೆ, ಬಾಡಿಗೆ ಏರಿದ ಕೂಡಲೇ ಪಕ್ಕದ ಬಡಾವಣೆಗೆ ಜಾರುತ್ತದೆ. ಗೈಡ್‌ಗಳಲ್ಲಿ ಬರುವ ಹೊತ್ತಿಗೆ ಅದು ಜಾರಿ ಆಗಿರುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಮೊದಲ ಸಂಜೆ ಬಾರಿನಲ್ಲಿ ಗ್ಲಾಸ್ ಕೊಡುವವರನ್ನೇ ಕೇಳಿ, ಡ್ಯೂಟಿ ಮುಗಿದ ಮೇಲೆ ನೀವೆಲ್ಲಿ ಕುಡಿಯುತ್ತೀರಿ ಅಂತ. ಒಳ್ಳೆಯ ಬಾರ್ ಯಾವುದು ಅಂತ ಕೇಳಿದರೆ ಪ್ರವಾಸಿಗಳಿಗೆ ಹೇಳುವ ಉತ್ತರ ಹೇಳುತ್ತಾರೆ. ನೀವೆಲ್ಲಿ ಹೋಗುತ್ತೀರಿ ಅಂದರೆ ಮಾತ್ರ ನಿಜ ಹೊರಬರುತ್ತದೆ.

ಪಬ್ ಕ್ರಾಲ್, ಅಂದರೆ ಗುಂಪು ಕಟ್ಟಿಕೊಂಡು ಬಾರಿನಿಂದ ಬಾರಿಗೆ ಸುತ್ತಿಸುವುದು, ಅದರ ಟಿಕೆಟ್ ಮಾರುವವರು ಎಲ್ಲ ದೊಡ್ಡ ಊರುಗಳಲ್ಲೂ ಇದ್ದಾರೆ. ನನಗೆ ಇಷ್ಟವಿಲ್ಲ. ಒಬ್ಬರೇ ಹೋಗಿ ಬೇಸರವಾದವರಿಗೆ ಒಂದು ಸಂಜೆ ಸರಿ ಇರಬಹುದು. ಆದರೆ ಕರೆದುಕೊಂಡು ಹೋಗುವುದು ಅವರ ಜೊತೆ ಒಪ್ಪಂದ ಇರುವ ಬಾರುಗಳಿಗೆ, ಉಚಿತ ಶಾಟ್ ಅಂತ ಕೊಡುವುದು ಬಣ್ಣದ ನೀರಿನ ಹಾಗಿರುತ್ತದೆ, ಊರಿನವರು ಒಬ್ಬರೂ ಕಾಣುವುದಿಲ್ಲ. ಪ್ರಾಗ್ ನಗರ ಬೇಸತ್ತು 2024ರಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಇಂಥ ಗೈಡೆಡ್ ಕ್ರಾಲ್‌ಗಳನ್ನು ನಿಷೇಧಿಸಿತು. ಸರಿಯಾಗೇ ಮಾಡಿದರು.

ಕ್ಲಬ್ಬಿಗೆ ಹೋಗುವುದಾದರೆ ಎಂಟ್ರಿ ಮಾತ್ರ ಲೆಕ್ಕ ಹಾಕಬೇಡಿ. ಕೋಟು ಬ್ಯಾಗು ಇಡಲು ಬೇರೆ ದುಡ್ಡು. ಜರ್ಮನಿಯಲ್ಲಿ ಗ್ಲಾಸಿಗೋ ಬಾಟಲಿಗೋ ಡಿಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ಬರುತ್ತದೆ, ಮರೆತು ಮೇಜಿನ ಮೇಲೆ ಬಿಟ್ಟರೆ ಹೋಯಿತು. ಬಹಳ ಕಡೆ ಒಂದು ಹೊತ್ತಿನ ಮುಂಚೆ ಬಂದರೆ ಎಂಟ್ರಿ ಕಡಿಮೆ, ಗೆಸ್ಟ್ ಲಿಸ್ಟಿನಲ್ಲಿ ಹೆಸರು ಹಾಕಿಸಿದರೆ ಇನ್ನೂ ಕಡಿಮೆ. ಆ ಮಾಹಿತಿ ಕ್ಲಬ್ಬಿನ ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಇರುತ್ತದೆ, ವೆಬ್‌ಸೈಟಿನಲ್ಲಿ ಇರುವುದಿಲ್ಲ. ನೀರಿಗೆ ದುಡ್ಡು ಕೊಡುವ ಮುಂಚೆ ಕೇಳಿ. ಇಂಗ್ಲೆಂಡಿನಲ್ಲಿ ಮದ್ಯ ಕೊಡುವ ಬಾರು, ಕ್ಲಬ್ಬುಗಳು ನಲ್ಲಿ ನೀರನ್ನು ಉಚಿತವಾಗಿ ಕೊಡಲೇಬೇಕು ಅನ್ನುವ ಕಾನೂನು 2010ರಿಂದ ಇದೆ. ಎರಡು ಗ್ಲಾಸಿನ ನಡುವೆ ಒಂದು ಗ್ಲಾಸ್ ನೀರು ಅಂತ ಇಟ್ಟುಕೊಂಡರೆ ಬಿಲ್ಲೂ ಇಳಿಯುತ್ತದೆ, ಮರುದಿನದ ತಲೆನೋವೂ ಇಳಿಯುತ್ತದೆ.

ದುಡ್ಡು ಕೊಡುವ ಹೊತ್ತಿನಲ್ಲಿ ಎರಡು ಕಡೆ ಸೋರುತ್ತದೆ. ಕಾರ್ಡ್ ಮೆಷಿನ್ ನಿಮ್ಮ ದೇಶದ ಹಣದಲ್ಲಿ ಕತ್ತರಿಸಲಾ, ಇಲ್ಲಿಯದರಲ್ಲಿ ಕತ್ತರಿಸಲಾ ಅಂತ ಕೇಳಿದರೆ ಯಾವಾಗಲೂ ಅಲ್ಲಿನ ಹಣವನ್ನೇ ಒತ್ತಿ. ನಿಮ್ಮ ಹಣ ಅಂತ ಒತ್ತಿದರೆ ಪರಿವರ್ತನೆಯ ದರ ಮೆಷಿನ್ನಿನವರು ಹಾಕಿದ್ದು, ಅದು ನಿಮ್ಮ ಬ್ಯಾಂಕಿನದ್ದಕ್ಕಿಂತ ಸಾಮಾನ್ಯವಾಗಿ ಕೆಟ್ಟದ್ದು. ರಾತ್ರಿ ಒಂದು ಗಂಟೆಗೆ ಅರ್ಧ ಅಮಲಿನಲ್ಲಿ ಯಾರೂ ಇದನ್ನು ಓದುವುದಿಲ್ಲ, ಅದಕ್ಕೇ ಹಗಲೇ ತಲೆಯಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಟಿಪ್ಸ್. ಅಮೆರಿಕದಲ್ಲಿ ಮೆನುವಿನಲ್ಲಿ ಕಾಣುವ ರೇಟಿಗೆ ತೆರಿಗೆ ಬೇರೆ, ಅದರ ಮೇಲೆ ಶೇ 15ರಿಂದ 20 ಟಿಪ್ಸ್ ಬೇರೆ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಎರಡು ಊರಿನ ಮೆನು ಪಕ್ಕಪಕ್ಕ ಇಟ್ಟು ಹೋಲಿಸುವವರು ಇದನ್ನು ಮರೆಯುತ್ತಾರೆ.

ನಾನು ರಾತ್ರಿಯ ದುಡ್ಡನ್ನು ಬೇರೆ ಕಾರ್ಡಿಗೆ ಹಾಕಿಕೊಂಡು ಹೋಗುತ್ತೇನೆ. ಆ ರಾತ್ರಿಗೆ ಇಷ್ಟು. ಕಾರ್ಡ್ ಇಲ್ಲ ಅಂದಿತೋ, ಮನೆ ಕಡೆ. ಮುಖ್ಯವಾದ ಕಾರ್ಡ್ ರೂಮಿನಲ್ಲೇ. ಕಳೆದುಹೋದರೂ ನಷ್ಟ ಒಂದು ರಾತ್ರಿಯದ್ದು ಮಾತ್ರ.

ಕುಡಿಯದವರಿಗೆ ರಾತ್ರಿ ಇಲ್ಲ ಅನ್ನುವವರ ಮಾತು ಕೇಳಬೇಡಿ, ಅವರಿಗೇ ರಾತ್ರಿ ಇನ್ನೂ ಅಗ್ಗ. ಸಿಂಗಪುರದ ಗಾರ್ಡನ್ಸ್ ಬೈ ದ ಬೇಯಲ್ಲಿ ಸಂಜೆ 7:45ಕ್ಕೆ, 8:45ಕ್ಕೆ ಆ ದೈತ್ಯ ಕಬ್ಬಿಣದ ಮರಗಳ ದೀಪದ ಆಟ, ಬಿಡಿಗಾಸು ಬೇಡ. ಹಾಂಕಾಂಗ್‌ನಲ್ಲಿ ಸ್ಟಾರ್ ಫೆರಿ ಹತ್ತಿ ಬಂದರು ದಾಟುವುದು, 1888ರಿಂದ ನಡೆದು ಬಂದ ಈ ದೋಣಿ ಊರಿನ ಅತಿ ಅಗ್ಗದ ಸವಾರಿಗಳಲ್ಲಿ ಒಂದು. ಅದನ್ನು ಶುರು ಮಾಡಿದವರು ಒಬ್ಬ ಪಾರ್ಸಿ ವ್ಯಾಪಾರಿ, ದೊರಾಬ್ಜಿ ನವರೋಜಿ. ವಿಯೆನ್ನಾದ ಸರ್ಕಾರಿ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಅದೇ ದಿನ ಸಿಗುತ್ತದೆ, ಕೂತು ನೋಡುವವರು ಕೊಟ್ಟದ್ದರ ಎಷ್ಟೋ ಪಾಲು ಕಡಿಮೆ ಬೆಲೆಗೆ ಅದೇ ಹಾಡು. ಕಾಲು ನೋವು ಬರುತ್ತದೆ, ಅದಂತೂ ನಿಜ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಸೋಮವಾರದಿಂದ ಶನಿವಾರ ಸಂಜೆ 6ರಿಂದ 8 ಉಚಿತ, ಭಾನುವಾರ 5ರಿಂದ 7. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಶುಕ್ರವಾರ ರಾತ್ರಿ 10ರ ತನಕ ತೆರೆದಿರುತ್ತದೆ, ಎಂಟ್ರಿ ಉಚಿತ. ಬರ್ಲಿನ್ನಿನಲ್ಲಿ 1997ರಲ್ಲಿ ಶುರುವಾದ ಮ್ಯೂಸಿಯಂಗಳ ಉದ್ದ ರಾತ್ರಿ ಈಗ ಎಷ್ಟೋ ಊರುಗಳಲ್ಲಿದೆ, ಒಂದೇ ಟಿಕೆಟ್ಟಿನಲ್ಲಿ ಮಧ್ಯರಾತ್ರಿಯ ತನಕ ಸುತ್ತಬಹುದು. ಕುಡಿಯುವವರೂ ಸಂಜೆಯ ಮೊದಲ ಭಾಗವನ್ನು ಹೀಗೇ ಕಳೆದರೆ ಬಾರಿನಲ್ಲಿ ಕೂರುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಹುಷಾರಿನ ಮಾತು ಎರಡು. ಬೀದಿಯಲ್ಲಿ ಸಿಕ್ಕ ಅಪರಿಚಿತರು ಬಹಳ ಪ್ರೀತಿಯಿಂದ ನನಗೊಂದು ಒಳ್ಳೆಯ ಬಾರ್ ಗೊತ್ತು ಬನ್ನಿ ಅಂದರೆ ಹೋಗಬೇಡಿ. ಮೆನುವಿನಲ್ಲಿ ರೇಟಿಲ್ಲದ ಬಾರು, ಕಡೆಗೆ ತಲೆತಿರುಗುವ ಬಿಲ್ಲು, ಬಾಗಿಲಲ್ಲಿ ದಪ್ಪ ಆಳು. ಈ ಆಟ ಪ್ರಪಂಚದ ಎಷ್ಟೋ ಊರುಗಳಲ್ಲಿ ನಡೆಯುತ್ತದೆ. ಗುರುತಿನ ಚೀಟಿ ಜೇಬಿನಲ್ಲಿರಲಿ, ತಲೆಕೂದಲು ನೆರೆತವರನ್ನೂ ಅಮೆರಿಕದಲ್ಲಿ ಬಾಗಿಲಲ್ಲೇ ಕೇಳುತ್ತಾರೆ. ಅಲ್ಲಿ 21 ತುಂಬದವರಿಗೆ ಕೊಡುವುದಿಲ್ಲ, ಗುಂಪಿನಲ್ಲಿ ಒಬ್ಬ ತಮ್ಮನೋ ತಂಗಿಯೋ 20ರವರಿದ್ದರೆ ಇಡೀ ಗುಂಪಿನ ಪ್ಲ್ಯಾನ್ ಬದಲಾಗುತ್ತದೆ.

ಊರುಗಳ ರಾತ್ರಿಯ ಬಗ್ಗೆ ಬರೆದದ್ದನ್ನು ಓದುವಾಗ ಅದು ಯಾವಾಗ ಬರೆದದ್ದು ಅಂತ ನೋಡಿ ಓದಿ, ಈ ಬರಹವನ್ನೂ ಸೇರಿಸಿ. ರಾತ್ರಿಯ ಕಾನೂನು ಹಗಲಿನದ್ದಕ್ಕಿಂತ ಬೇಗ ಬದಲಾಗುತ್ತದೆ. ಸಿಡ್ನಿಯಲ್ಲಿ 2014ರಿಂದ ರಾತ್ರಿ 1:30ರ ಮೇಲೆ ಹೊಸಬರನ್ನು ಬಾರಿನೊಳಗೆ ಬಿಡುವಂತಿರಲಿಲ್ಲ. ನಡುಪೇಟೆಯಲ್ಲಿ 2020ರಲ್ಲಿ, ಕಿಂಗ್ಸ್ ಕ್ರಾಸ್ ಬಡಾವಣೆಯಲ್ಲಿ 2021ರಲ್ಲಿ ಅದನ್ನು ತೆಗೆದರು. ಆ ನಡುವೆ ಬರೆದದ್ದನ್ನು ಓದಿದವರು ಸಿಡ್ನಿಯಲ್ಲಿ ರಾತ್ರಿಯೇ ಇಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಜಪಾನಿನಲ್ಲಿ ಮಧ್ಯರಾತ್ರಿಯ ಮೇಲೆ ಕ್ಲಬ್ಬಿನಲ್ಲಿ ಡ್ಯಾನ್ಸ್ ಮಾಡುವುದೇ ಕಾನೂನಿಗೆ ವಿರುದ್ಧವಾಗಿತ್ತು, 2015ರಲ್ಲಿ ಕಾನೂನು ತಿದ್ದಿದರು.

ಕಡೇ ದಿನದ್ದು ಒಂದು ಬಾಕಿ ಇದೆ. ರೂಮು ಹನ್ನೊಂದಕ್ಕೆ ಖಾಲಿ ಮಾಡಬೇಕು, ವಿಮಾನ ರಾತ್ರಿಗೆ ಅಂದರೆ ಬ್ಯಾಗು ಎಲ್ಲಿಡುವುದು? ಹೋಟೆಲಿನವರೇ ಇಟ್ಟುಕೊಳ್ಳುತ್ತಾರೆ, ಬಹಳ ಕಡೆ ದುಡ್ಡೂ ಕೇಳುವುದಿಲ್ಲ, ಚೆಕ್ ಇನ್ ಮಾಡುವಾಗಲೇ ಕೇಳಿಬಿಡಿ. ಸ್ಟೇಷನ್ನಿನ ಲಾಕರಿನಲ್ಲಿ ಇಡುವುದಾದರೆ ಅದು ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಅನ್ನುವ ಬೋರ್ಡಿನ ಫೋಟೋ ತೆಗೆದುಕೊಂಡು ಹೊರಡಿ.